ಕೊಟ್ಟ ಮಾತು

ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಆರನೇ ತರಗತಿಗೆ ಪಾಠ ಮಾಡುತ್ತಿದ್ದಾಗ ತಾಯಿಯಿಲ್ಲದ ಹುಡುಗನೊಬ್ಬ ದಿನವೂ ತಡವಾಗಿ ಬರುತ್ತಿದ್ದ. ಒಮ್ಮೆ ಗದರಿಸಿದೆ. "ಅಪ್ಪ ಕೊಟ್ಟ ಪೊಟ್ಟಣ ಮಾರ್ಕೆಟ್ ಹತ್ರ ಕೊಟ್ಟು ಬರ್ಬೇಕು ಮಿಸ್. ಯಾರ್ಗೂ ಹೇಳ್ಬೇಡಿ" ಎಂದ. ಒಳಗೇನು ಎಂದರೆ, "ಸೊಪ್ಪು." ನಮ್ಮ ಹಿರಿಯರು ಭಂಗಿ ಎನ್ನುತ್ತಿದ್ದ ಅದೇ ಗಾಂಜಾ. ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಮಾತಿಗೆ ತಪ್ಪಬಾರದೆಂದು ಅವರಿಗೆಲ್ಲ ಪುಣ್ಯಕೋಟಿಯ ಕಥೆ ಹೇಳಿದವಳು ನಾನೇ. ಎರಡು ವಾರ ಸುಮ್ಮನಿದ್ದೆ. ಪೊಲೀಸರು ಬಂದರೆ ತಂದೆ ಜೈಲಿಗೆ, ಹುಡುಗ ಬಾಲಮಂದಿರಕ್ಕೆ ಎಂಬ ಅಂಜಿಕೆ. ನಿಜ ಹೇಳಬೇಕೆಂದರೆ ನನಗೂ ರಗಳೆ ಬೇಡವಾಗಿತ್ತು.

ಆಮೇಲೆ ಹೊಳೆಯಿತು. ಪುಣ್ಯಕೋಟಿ ಮಾತು ಉಳಿಸಿಕೊಳ್ಳಲು ಹುಲಿಗೆ ಒಪ್ಪಿಸಹೊರಟದ್ದು ತನ್ನನ್ನು, ಕರುವನ್ನಲ್ಲ. ನನ್ನ ಮಾತಿಗೆ ಬೆಲೆ ತೆರುತ್ತಿದ್ದವನು ಆ ಹುಡುಗ.

"ಕೊಟ್ಟ ಮಾತು ಮುರೀತೀನಿ ಕಣೋ" ಎಂದು ಮೊದಲು ಅವನಿಗೇ ಹೇಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಮಕ್ಕಳ ಕೈಯಲ್ಲಿ ಮಾದಕ ವಸ್ತು ಸಾಗಿಸಿದವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಕಠಿಣ ಸಜೆಯಿದೆ, 1 ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೆ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಿರಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಇದನ್ನು ಮೊದಲೇ ಓದಿಕೊಂಡಿದ್ದರೆ ಆ ಎರಡು ವಾರ ಉಳಿಯುತ್ತಿತ್ತು. ಮಕ್ಕಳ ಕಲ್ಯಾಣ ಸಮಿತಿಯವರು ಅವನನ್ನು ಬಸವನಗುಡಿಯಲ್ಲಿದ್ದ ಅಜ್ಜಿಯ ವಶಕ್ಕೆ ಕೊಟ್ಟರು. ತಂದೆ ಜೈಲಿಗೆ ಹೋದ.

ಆ ವರ್ಷವಿಡೀ ಹುಡುಗ ನನ್ನ ಮುಖ ನೋಡಲಿಲ್ಲ. ಹಾಜರಿ ಕೂಗಿದಾಗ ಮಾತ್ರ, ತಲೆ ತಗ್ಗಿಸಿಕೊಂಡೇ, "ಪ್ರೆಸೆಂಟ್ ಮಿಸ್" ಎನ್ನುತ್ತಿದ್ದ. ಒಂದು ದಿನವೂ ತಡವಾಗಿ ಬರಲಿಲ್ಲ.