ಶಾಲಿನ ಬೆಲೆ

ಹಿರಿಯರನ್ನು ಗೌರವಿಸಬೇಕೆಂಬ ಮಾತಿಗೆ ಎದುರು ಹೇಳುವವರನ್ನು ನಾನು ಈವರೆಗೆ ಕಂಡಿಲ್ಲ. ಸಭೆಯಲ್ಲಿ ಆ ಮಾತು ಬಂದಾಗ ಎಲ್ಲರೂ ತಲೆದೂಗುತ್ತೇವೆ. ಶಾಲು ಹೊದಿಸುವಾಗ ಚಪ್ಪಾಳೆ ತಟ್ಟುತ್ತೇವೆ. ಎಲ್ಲರೂ ಒಪ್ಪಿಕೊಂಡ ಮಾತನ್ನು ಮತ್ತೆ ಒರೆಗೆ ಹಚ್ಚುವ ಗೊಡವೆ ಯಾರಿಗೂ ಬೇಡ. ಕನ್ನಡ ಪಾಠ ಹೇಳಿಕೊಂಡಿರುವ ನನಗಂತೂ ಬೇಡವಾಗಿಯೇ ಇತ್ತು. ಆದರೆ ಹೋದ ದೀಪಾವಳಿಯ ಮರುವಾರ ಡಾಬಕಾದ ಬಯಲಿನಲ್ಲಿ ಎರಡು ದಿನ ಕುಳಿತು ಬಂದ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ನಾವು ಕೊಡುವ ಗೌರವದ ಬೆಲೆಯನ್ನು ತೆರುವವರು ಯಾರು?

ಡಾಬಕಾ ಬೀದರ ಜಿಲ್ಲೆಯ ಔರಾದ ಸೀಮೆಯ ಊರು. ನನ್ನ ತಾಯಿಯ ತವರು. ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ ಇರುವ ಈ ಸೀಮೆಯಲ್ಲಿ ಮಾತು ಕನ್ನಡದಲ್ಲಿ ಹೊರಟು, ಮರಾಠಿಯಲ್ಲಿ ತಿರುವು ತೆಗೆದುಕೊಂಡು, ಉರ್ದುವಿನಲ್ಲಿ ಹೋಗಿ ನಿಂತರೂ ಕೇಳುವವರಿಗೆ ಅಚ್ಚರಿಯಿಲ್ಲ. ಹುಡುಗರು ಕಬಡ್ಡಿ ಎಂದು ಕರೆಯುವ ಆಟವನ್ನು ಮುದುಕರು ಇಂದಿಗೂ ಹುತುತು ಎನ್ನುತ್ತಾರೆ. ಚಿಕ್ಕಂದಿನಲ್ಲಿ ರಜೆಗೆ ಹೋದಾಗ ಆ ಆಟವನ್ನು ನಾನು ಗೆರೆಯ ಹೊರಗೆ ನಿಂತು ನೋಡಿದವನೇ ಹೊರತು ಒಳಗೆ ಕಾಲಿಟ್ಟವನಲ್ಲ.

ಅಂಥ ನನ್ನನ್ನು ಊರಿನ ತರುಣರು ಕರೆಸಿದ್ದರು. ಸೋಯಾ ರಾಶಿ ಮುಗಿದಿತ್ತು. ಖಾಲಿಯಾದ ಕಣದ ಪಕ್ಕದ ಕಪ್ಪು ನೆಲದ ಮೇಲೆ ಕೆಮ್ಮಣ್ಣು ಹರಡಿ, ನೀರು ಚಿಮುಕಿಸಿ ಅಂಕಣ ಮಾಡಿದ್ದರು. ಊರಿನ ಹೆಸರನ್ನು ಹತ್ತೂರಿಗೆ ಕೇಳಿಸಿದ ಮೂವರು ಹಳೆಯ ಆಟಗಾರರ ಗೌರವಾರ್ಥವಾಗಿ ಕಿರಿಯರ ಆಯ್ಕೆಯ ಶಿಬಿರ. ಮೂವರಲ್ಲಿ ಇಬ್ಬರು ಈಗಿಲ್ಲ. ಉಳಿದವರು ಒಬ್ಬರೇ, ಎಪ್ಪತ್ತು ದಾಟಿದವರು, ನಾನು ಚಿಕ್ಕಂದಿನಿಂದ ಮಾಮಾ ಎಂದು ಕರೆಯುವವರು. ವಂತಿಗೆ ಎತ್ತಿ ತಂದ ಶಾಲನ್ನು ಮೊದಲ ದಿನವೇ ಅವರಿಗೆ ಹೊದಿಸಿದರು. ಮಾಮಾ ಅದನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ಎರಡು ದಿನವೂ ಕುರ್ಚಿ ಬಿಟ್ಟೇಳದೆ ಆಟ ನೋಡಿದರು.

ಸುತ್ತಿನ ಹಳ್ಳಿ ತಾಂಡೆಗಳಿಂದ ಮೂವತ್ತಕ್ಕೂ ಹೆಚ್ಚು ಹುಡುಗರು ಬಂದಿದ್ದರು. ಆರಿಸಬೇಕಾದದ್ದು ಹನ್ನೆರಡು ಮಂದಿಯನ್ನು: ಅಂಕಣದಲ್ಲಿ ಆಡುವ ಏಳು, ಹೊರಗೆ ಕಾಯುವ ಐದು. ಆಯ್ಕೆಯಾದವರಿಗೆ ಊರಲ್ಲೇ ಊಟ ವಸತಿ ಕೊಟ್ಟು, ಶಾಲೆಗೂ ಕಳಿಸುತ್ತ, ಬೇಸಿಗೆಯ ಪಂದ್ಯಗಳವರೆಗೆ ತರಬೇತು ಕೊಡುವ ಏರ್ಪಾಡು. ಓಟ, ದಾಳಿ, ಹಿಡಿತ, ಉಸಿರು ಎಂದು ನಾಲ್ಕು ಕಲಮುಗಳಿಗೆ ಹತ್ತು ಹತ್ತು ಅಂಕ. ಅವನ್ನು ಬಲ್ಲವರು ಹಾಕಿದರು. ಐದನೆಯ ಕಲಮು ‘ನಡತೆ’. ಕಬಡ್ಡಿ ಬಾರದ ಮೇಷ್ಟರಿಗೆ ಒಪ್ಪುವ ಕೆಲಸವೆಂದು ಅದನ್ನು ನನಗೆ ವಹಿಸಿದರು.

ಎರಡನೆಯ ದಿನ ಸಂಜೆ ಅಂಕಗಳನ್ನು ಕೂಡಿದಾಗ ಹನ್ನೆರಡನೆಯ ಜಾಗದ ಬಳಿ ಒಂದು ತೊಡಕು ಕಂಡಿತು. ತಾಂಡೆಯ ಹುಡುಗನೊಬ್ಬ ಹನ್ನೆರಡನೆಯವನು. ಅವನಿಗಿಂತ ಅರ್ಧ ಅಂಕ ಹಿಂದೆ, ಹದಿಮೂರನೆಯವನಾಗಿ, ಮಾಮಾ ಅವರ ಮೊಮ್ಮಗ. ನಡತೆಯಲ್ಲಿ ಇಬ್ಬರಿಗೂ ನಾನು ಎಂಟು ಕೊಟ್ಟಿದ್ದೆ. ಡೇರೆಯೊಳಗೆ ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಯಾರೋ ಮೆಲ್ಲಗೆ, “ಅಜ್ಜನ ಹೆಸರಿನ ಶಿಬಿರದಾಗ ಮೊಮ್ಮಗನ್ನೇ ಬಿಟ್ರ ಮಂದಿ ಏನಂದಾರು?” ಎಂದರು. ಯಾರೂ ನನಗೆ ಹೀಗೆ ಮಾಡು ಎನ್ನಲಿಲ್ಲ. ಎಲ್ಲರೂ ಐದನೆಯ ಕಲಮನ್ನು ನೋಡಿದರು, ಅಷ್ಟೆ. ಮೊಮ್ಮಗ ಬಂದೊಡನೆ ನನ್ನ ಕಾಲು ಮುಟ್ಟಿದ್ದನೆಂಬುದು ನನಗೆ ನೆನಪಾಯಿತು. ತಾಂಡೆಯ ಹುಡುಗ ಯಾರಿಗೂ ಕೈಮುಗಿಯದೆ ನೆಟ್ಟಗೆ ಗೆರೆಯ ಹತ್ತಿರ ಹೋಗಿ ನಿಂತಿದ್ದನೆಂಬುದೂ ನೆನಪಾಯಿತು. ಬೇಕಾದಾಗ ಬೇಕಾದ ನೆನಪು ಹೇಗೆ ಒದಗಿಬರುತ್ತದೆ ನೋಡಿ! ಮೊಮ್ಮಗನ ಎಂಟನ್ನು ಒಂಬತ್ತು ಮಾಡಿದೆ. ಹಾಳೆಯನ್ನು ಗೋಡೆಗೆ ಅಂಟಿಸಿದರು. ಹೆಸರುಗಳನ್ನು ನಾನೇ ಓದಿದೆ.

ಪೇಟೆಯ ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ಅಂಕ ಹಾಕುತ್ತ ಬಂದವನು ನಾನು. ಮನಸ್ಸಿಗೆ ಸಮಾಧಾನ ಹೇಳುವ ವಿದ್ಯೆ ಆ ಕೆಲಸದ ಜೊತೆಗೇ ಬರುತ್ತದೆ. ಮೊದಲನೆಯದಾಗಿ, ಇದು ಕೃತಜ್ಞತೆ. ಊರಿಗಾಗಿ ಮೊಣಕಾಲು ಸವೆಸಿದವರಿಗೆ ಇಷ್ಟೂ ಮಾಡಬಾರದೆ? ಎರಡನೆಯದಾಗಿ, ಅಂತರವಾದರೂ ಎಷ್ಟು, ಅರ್ಧ ಅಂಕ! ಮೂರನೆಯದಾಗಿ, ಆಕ್ಷೇಪಿಸಿದವರು ಒಬ್ಬರೂ ಇಲ್ಲ. ಈ ಮೂರು ಕಂಬಗಳ ಮೇಲೆ ನನ್ನ ಸಮಾಧಾನದ ಚಪ್ಪರ ನಿಂತಿತು. ರಾತ್ರಿ ಊಟದ ಹೊತ್ತಿನವರೆಗೂ ಗಟ್ಟಿಯಾಗಿಯೇ ಇತ್ತು.

ಊಟವಾದ ಮೇಲೆ ಮಾಮಾ ನನ್ನನ್ನು ಅಂಗಳದ ಕಟ್ಟೆಗೆ ಕರೆದರು. ಶಾಲು ಇನ್ನೂ ಮಡಚಿದಂತೆಯೇ ಅವರ ಹೆಗಲ ಮೇಲಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಸ್ತರ್, ನನಗ ಶಾಲು ಹಾಕ್ದ್ರಿ, ಚೊಲೊ ಆಯ್ತು. ನಮ್ಮ ಮೊಮ್ಮಗಗ ಯಾಕ ಹಾಕ್ದ್ರಿ?” ಎಂದರು.

ಗೋಡೆಯ ಹಾಳೆಯಲ್ಲಿ ತಿದ್ದಿದ ಗುರುತನ್ನು ಅವರು ಕಂಡಿದ್ದರು. “ಮಾಮಾ, ನಿಮ್ಮ ಹೆಸರಿನ ಶಿಬಿರವಲ್ಲವೆ?” ಎಂದೆ.

“ಹೆಸರು ನಂದದ. ಜಾಗ ನಂದಲ್ಲ. ನಮ್ಮಂವಗ ಕಾಲು ಅದ, ಉಸಿರಿಲ್ಲ. ಆ ತಾಂಡಾದ ಪೋರಗ ಎರಡೂ ಅವ. ನೀವು ನೋಡಿಲ್ಲೇನು?”

ನಾನು ನೋಡಿರಲಿಲ್ಲ. ನಡತೆಯ ಕಲಮಿನವನು ಉಸಿರನ್ನೇಕೆ ನೋಡಿಯಾನು? ಕಬಡ್ಡಿಯಲ್ಲಿ ಎದುರಾಳಿಯ ಅಂಕಣಕ್ಕೆ ಹೋದವನು ಆಟದ ಹೆಸರನ್ನು ಒಂದೇ ಉಸಿರಿನಲ್ಲಿ ನುಡಿಯುತ್ತಿರಬೇಕು. ಉಸಿರು ಮುಗಿಯುವುದರೊಳಗೆ ನಡುಗೆರೆಗೆ ಮರಳಬೇಕು. ಈಗ ಒಂದು ದಾಳಿಗೆ 30 ಸೆಕೆಂಡು ಎಂಬ ನಿಯಮವಿದೆ. ಆದರೆ ಆಟದ ಜೀವ ಉಸಿರಿನಲ್ಲಿಯೇ ಇದೆ. ಅದನ್ನು ಒಬ್ಬನು ಮತ್ತೊಬ್ಬನಿಂದ ಕಡ ತರುವಂತಿಲ್ಲ. ಅಜ್ಜನು ಮೊಮ್ಮಗನಿಗೆ ಬರೆದುಕೊಡುವಂತೆಯೂ ಇಲ್ಲ.

ಆ ರಾತ್ರಿ ನಾನು ಕಂಡುಕೊಂಡದ್ದು ಸರಳವಾದ ಲೆಕ್ಕ. ಶಾಲಿನ ಹಣವನ್ನು ಊರವರು ತಮ್ಮ ಕಿಸೆಯಿಂದ ಕೊಟ್ಟಿದ್ದರು; ಆದ್ದರಿಂದ ಅದು ಗೌರವ. ನಾನು ಕೊಟ್ಟ ಒಂದು ಅಂಕದಲ್ಲಿ ನನ್ನದೆಂಬುದು ಏನೂ ಇರಲಿಲ್ಲ. ಅದರ ಬೆಲೆಯನ್ನು ತೆತ್ತವನು ತಾಂಡೆಯ ಹುಡುಗ; ಅದೂ ಅವನಿಗೆ ತಿಳಿಯದಂತೆ, ಅವನನ್ನು ಕೇಳದಂತೆ. ಗೌರವವನ್ನು ನಮ್ಮ ಕೈಯಿಂದ ಕೊಡಬೇಕು. ಇನ್ನೊಬ್ಬನ ಕೈಯಿಂದ ಕಿತ್ತು ಕೊಡಬಾರದು. ಅರ್ಧ ಅಂಕ ಚಿಕ್ಕದೆಂದು ನಾನು ಅಂದುಕೊಂಡೆ, ಕಳೆದುಕೊಂಡವನು ನಾನಾಗಿರಲಿಲ್ಲವಲ್ಲ! ಯಾರೂ ಆಕ್ಷೇಪಿಸಲಿಲ್ಲವೆಂಬುದೂ ಹಾಗೆಯೇ. ಆಕ್ಷೇಪಿಸಬೇಕಾದವನು ಆಗ ಡೇರೆಯ ಹೊರಗೆ, ತನ್ನ ಹೆಸರನ್ನು ಕೂಗುತ್ತಾರೆಂದು ಕಾಯುತ್ತ ನಿಂತಿದ್ದ.

ಹಳೆಯ ಯೋಗ್ಯತೆಗೆ ಆಯ್ಕೆಯಲ್ಲಿ ಮನ್ನಣೆ ಇರಲೇಬಾರದೆ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. 1932ರ ಒಲಿಂಪಿಕ್ಸಿಗೆ ಹಾಕಿ ತಂಡವನ್ನು ಆರಿಸಲು ಪ್ರಾಂತಗಳ ನಡುವೆ ಪಂದ್ಯಗಳನ್ನು ಏರ್ಪಡಿಸಿದ್ದರು. ಧ್ಯಾನ್ ಚಂದರಿಗೆ ಸೈನ್ಯದ ಪಡೆಯಿಂದ ರಜೆ ಸಿಗಲಿಲ್ಲ. ಆದರೂ ಅವರನ್ನು ಪರೀಕ್ಷೆಯಿಲ್ಲದೆಯೇ ತಂಡಕ್ಕೆ ತೆಗೆದುಕೊಂಡರು. ಇದು ಅನ್ಯಾಯವೆ? ನನಗನ್ನಿಸುವ ಮಟ್ಟಿಗೆ ಅಲ್ಲ. 1928ರ ಒಲಿಂಪಿಕ್ಸಿನಲ್ಲಿ ಅವರು ಸ್ವತಃ ಕೊಟ್ಟ ಪರೀಕ್ಷೆಯೇ ಅವರ ಪರವಾಗಿ ನಿಂತಿತ್ತು. ಅದೇ 1932ರ ತಂಡದಲ್ಲಿ ಅವರ ತಮ್ಮ ರೂಪ್ ಸಿಂಗರೂ ಇದ್ದರು. ಅಮೆರಿಕವನ್ನು ಭಾರತ 24–1ರಿಂದ ಸೋಲಿಸಿದ ಪಂದ್ಯದಲ್ಲಿ ಅಣ್ಣ 8 ಗೋಲು ಹೊಡೆದರೆ ತಮ್ಮ 10 ಹೊಡೆದರು. ರಕ್ತಸಂಬಂಧ ಅನರ್ಹತೆಯಲ್ಲ, ಅರ್ಹತೆಯೂ ಅಲ್ಲ. ಗೋಲು ಹೊಡೆಯಲು ತಮ್ಮನಿಗೆ ತನ್ನದೇ ಕೈ, ತನ್ನದೇ ಕೋಲು ಬೇಕಾಗಿತ್ತು.

ಇದಕ್ಕೊಂದು ಒಳ್ಳೆಯ ನಿದರ್ಶನ ಕೊಡಗಿನಲ್ಲಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದರು. ಮೊದಲ ವರ್ಷ ಬಂದವು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಮನೆತನ ನಡೆಸಿದಾಗ 360. ನಡೆಸಿಕೊಡುವ ಮನೆತನದ ಹೆಸರೇ ಆ ವರ್ಷದ ಪಂದ್ಯಾವಳಿಯ ಹೆಸರು. ಇದಕ್ಕಿಂತ ದೊಡ್ಡ ಗೌರವ ಯಾವುದು? ಆದರೆ ಆ ಹೆಸರು ಮಹಾದ್ವಾರದ ಮೇಲಿರುತ್ತದೆ. ಅಂಕದ ಹಲಗೆಯ ಮೇಲೆ ಒಂದು ಗೋಲನ್ನೂ ಹೆಚ್ಚಿಸುವುದಿಲ್ಲ. ಬಾಗಿಲಲ್ಲಿ ಇರಬೇಕಾದ ಹೆಸರನ್ನು ನಾನು ಡಾಬಕಾದಲ್ಲಿ ಅಂಕದ ಹಲಗೆಗೆ ಏರಿಸಿದ್ದೆ.

ನನ್ನ ಕಲಮಿನ ವಿಚಾರಕ್ಕೂ ಒಂದು ಮಾತು ಹೇಳಬೇಕು. 1956ರಲ್ಲಿ ಕನ್ನಡನಾಡು ಒಂದಾಗುವ ತನಕ ನಮ್ಮ ಬೀದರ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಹೈದರಾಬಾದು ದೇಶಕ್ಕೆ ಕೊಟ್ಟ ಫುಟ್‌ಬಾಲ್ ಗುರು ಸೈಯದ್ ಅಬ್ದುಲ್ ರಹೀಂ ಶಾಲಾಶಿಕ್ಷಕರಾಗಿದ್ದವರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ, 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ, ಎರಡೂ ಅವರ ಶಿಕ್ಷಣದ ಫಲ. ಆಟಗಾರರು ತಮ್ಮ ಬಲವಿಲ್ಲದ ಕಾಲಿನಿಂದ ಮಾತ್ರ ಆಡಬೇಕಾದ ಪಂದ್ಯಗಳನ್ನು ಅವರು ಏರ್ಪಡಿಸುತ್ತಿದ್ದರು. ಅಲ್ಲಿ ಹಳೆಯ ಹೊಗಳಿಕೆ ಕೆಲಸಕ್ಕೆ ಬಾರದು. ರೂಢಿಯ ಕಾಲೂ ಬಾರದು. ಆಟಕ್ಕೆ ಬೇಕಾದುದನ್ನು ಆಟದಿಂದಲೇ ಅಳೆಯುವ ಮೇಷ್ಟರು ಅವರು. ನಾನಾದರೋ, ಹುಡುಗರು ನನಗೆ ಎಷ್ಟು ಬಾಗಿದರೆಂಬುದನ್ನು ಅಳೆದು ಅದಕ್ಕೆ ನಡತೆಯೆಂದು ಹೆಸರಿಟ್ಟವನು.

ಹಾಗೆಂದು ಬಡವನೆಂಬ ಕನಿಕರದಿಂದ ತಾಂಡೆಯ ಹುಡುಗನಿಗೆ ನಾನು ಒಂದು ಅಂಕ ಹೆಚ್ಚಿಗೆ ಕೊಟ್ಟಿದ್ದರೆ ಸರಿಯಾಗುತ್ತಿತ್ತೆ? ಆಗಲೂ ತಪ್ಪೇ, ಬೆಲೆ ತೆರುವವನು ಬೇರೆಯಾಗುತ್ತಿದ್ದ, ಅಷ್ಟೆ. ಕನಿಕರವಿದ್ದರೆ ಅವನಿಗೆ ಬೂಟು ಕೊಡಿಸಲು ನನಗೆ ಅಡ್ಡಿಯೇನಿತ್ತು? ಆದರೆ ಬೂಟಿಗೆ ನನ್ನ ಹಣ ಬೇಕು. ಅಂಕಕ್ಕೆ ಮಸಿ ಸಾಕು. ನ್ಯಾಯಪೀಠದಲ್ಲಿ ಕುಳಿತವರ ಔದಾರ್ಯ ಬಹುಮಟ್ಟಿಗೆ ಈ ಮಸಿಯ ಔದಾರ್ಯವೇ ಎಂದು ನನಗೀಗ ತೋರುತ್ತದೆ.

ಮರುದಿನ ಬೆಳಗ್ಗೆ ಎಲ್ಲರ ಎದುರಿಗೆ ನಡೆದದ್ದನ್ನು ಹೇಳಿ ಪಟ್ಟಿಯನ್ನು ತಿದ್ದಿದೆ. ಮಾಮಾ ಪಕ್ಕದಲ್ಲಿ ನಿಂತಿದ್ದರು. ಮೊಮ್ಮಗ ತಲೆ ತಗ್ಗಿಸಿ ಕೇಳಿಸಿಕೊಂಡ. ಅವನ ತಪ್ಪೇನೂ ಇರಲಿಲ್ಲ. ನಾನು ಕೊಟ್ಟು ಕಿತ್ತುಕೊಂಡದ್ದರಿಂದ ಅವನಿಗಾದ ಅವಮಾನಕ್ಕೂ ನಾನೇ ಹೊಣೆ. ತಾಂಡೆಗೆ ಮೋಟಾರ್ ಸೈಕಲಿನ ಮೇಲೆ ಒಬ್ಬರನ್ನು ಕಳಿಸಿದೆವು. ಅವರು ಮಧ್ಯಾಹ್ನದ ಹೊತ್ತಿಗೆ ಒಬ್ಬರೇ ಮರಳಿದರು. ಕಬ್ಬು ಕಡಿಯುವ ಹಂಗಾಮು. ನಸುಕಿನಲ್ಲಿಯೇ ಲಾರಿ ಬಂದು ತಾಂಡೆಯ ಹತ್ತಾರು ಮನೆಯವರನ್ನು ಸಕ್ಕರೆ ಕಾರ್ಖಾನೆಗಳ ಕಡೆಗೆ ಕರೆದೊಯ್ದಿತ್ತು. ಹೆಸರು ಬಂದರೆ ಹುಡುಗನನ್ನು ಅಜ್ಜಿಯ ಬಳಿ ಬಿಟ್ಟು ಹೋಗುವುದೆಂದು ತಂದೆತಾಯಿ ನಿಶ್ಚಯಿಸಿದ್ದರಂತೆ. ಹೆಸರು ಬರಲಿಲ್ಲ, ಅವನೂ ಲಾರಿ ಹತ್ತಿದ. ಅರ್ಧ ಅಂಕ ಎಷ್ಟು ದೊಡ್ಡದೆಂದು ಆಗ ತಿಳಿಯಿತು.

ಈಗ ಶಿಬಿರದಲ್ಲಿ ಹನ್ನೊಂದು ಹುಡುಗರಿದ್ದಾರೆ. ಹನ್ನೆರಡನೆಯ ಜಾಗವನ್ನು ಹಾಗೆಯೇ ಇಟ್ಟಿದ್ದಾರೆ. ಮಾಮಾ ಅವರ ಹಟ ಅದು. ಅವರ ಮೊಮ್ಮಗ ಹೊರಗಿನವನಾಗಿಯೇ ದಿನಾ ಸಂಜೆ ಬಂದು ಉಸಿರು ಹಿಡಿಯುವುದನ್ನು ಅಜ್ಜನಿಂದ ಕಲಿಯುತ್ತಿದ್ದಾನಂತೆ. ಅಜ್ಜನು ಮೊಮ್ಮಗನಿಗೆ ಕೊಡಬಹುದಾದದ್ದು ಅದೇ ಇರಬೇಕು: ಜಾಗವನ್ನಲ್ಲ, ಜಾಗ ಗೆಲ್ಲುವ ಅಭ್ಯಾಸವನ್ನು. ಮುಂದಿನ ವರ್ಷದಿಂದ ಐದನೆಯ ಕಲಮು ಬೇಡವೆಂದು ನಾನೇ ಬರೆದು ತಿಳಿಸಿದ್ದೇನೆ. ಮೂವರು ಹಳಬರ ಹೆಸರುಗಳು ಮಾತ್ರ ಬಾಗಿಲ ಮೇಲೆ ಹಾಗೆಯೇ ಇರಲಿ.

ಕಬ್ಬಿನ ಕೆಲಸಕ್ಕೆ ಹೋದವರು ಯುಗಾದಿಯ ಸುಮಾರಿಗೆ ಊರಿಗೆ ಮರಳುವುದು ವಾಡಿಕೆ. ಆಗ ನಾನೂ ಡಾಬಕಾಕ್ಕೆ ಹೋಗುವವನಿದ್ದೇನೆ. ಆ ಹುಡುಗ ಬಂದೊಡನೆ ಕೈಮುಗಿಯಲಿಲ್ಲವೆಂದು ನಾನು ನೆನಪಿಟ್ಟುಕೊಂಡಿದ್ದೆನಲ್ಲ, ಈ ಸಲ ಮೊದಲು ಮಾತಾಡಬೇಕಾದವನು ನಾನು.