‘ಐ-ಸೆವೆನ್ ಅದ’ ಅಂತಾರ, ಯಾವ ಇಸ್ವಿದು?

ಕಲಬುರಗಿ ಜಿಲ್ಲೆಯ ನರೋಣಾ ಹೋಬಳಿ ಕೇಂದ್ರ. ನಾಡಕಚೇರಿಯ ಊರೆಂದ ಮೇಲೆ ಆಸುಪಾಸಿನಲ್ಲಿ ಝೆರಾಕ್ಸ್ ಅಂಗಡಿ, ಆನ್‌ಲೈನ್ ಸೆಂಟರ್ ಇರಲೇಬೇಕು. ಪಹಣಿ, ಜಾತಿ-ಆದಾಯದ ಅರ್ಜಿ, ಬೆಳೆವಿಮೆ, ಪರೀಕ್ಷೆಯ ಫಲಿತಾಂಶ ಎಲ್ಲಕ್ಕೂ ಜನ ಹೋಗಿ ನಿಲ್ಲುವುದು ಒಂದು ಕಂಪ್ಯೂಟರಿನ ಮುಂದೆ. ಡಿಗ್ರಿ ಮುಗಿಸಿದ ಹುಡುಗ ತಾನೂ ಒಂದು ಸೆಂಟರ್ ಇಡಬೇಕೆಂದುಕೊಂಡರೆ, ಇಲ್ಲವೇ ಇದೇ ತಾಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿ ಮನೆಗೊಂದು ಕಂಪ್ಯೂಟರ್ ಜೋಡಿಸಬೇಕೆಂದರೆ, ಮೊದಲು ಹಿಡಿಯುವುದು ಕಲಬುರಗಿಯ ಬಸ್ಸು. ಅಲ್ಲಿ ಕೌಂಟರಿನಾಚೆಯಿಂದ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: “ಐ-ಸೆವೆನ್ ಅದರಿ ಸರ್, ಹದಿನೈದ್ ಸಾವಿರಕ್ಕ ಪೂರಾ ಸೆಟ್ ಕೊಡ್ತೀವಿ.”

ಆಗ ಕೇಳಬೇಕಾದದ್ದು, “ಯಾವ ಇಸ್ವಿದ್ರಿ ಅಣ್ಣಾ?”

ಅಂಗಡಿಯಾತ ಸುಳ್ಳು ಹೇಳಿರುವುದಿಲ್ಲ. ಒಳಗಿರುವುದು ಐ7 ನಿಜ, ಆದರೆ 2012ರ ಮೂರನೇ ತಲೆಮಾರಿನದು. ಅದು ಕೂತಿರುವ ಮದರ್‌ಬೋರ್ಡ್ ಹೊಸ ಡಬ್ಬಿಯಲ್ಲಿ ಬಂದಿದ್ದರೂ ಅದರ ಎಚ್61 ಚಿಪ್‌ಸೆಟ್ 2011ರ ಕಾಲದ್ದು. ಐ7-3770ಗೆ ನಾಲ್ಕು ಕೋರ್, ಎಂಟು ಥ್ರೆಡ್. 2022ರಲ್ಲಿ ಬಂದ ಐ3-12100ಗೂ ಅಷ್ಟೇ. ಕೆಲಸಕ್ಕೆ ಹಚ್ಚಿದರೆ ಈ ‘ಸಣ್ಣ’ ಐ3 ಆ ‘ದೊಡ್ಡ’ ಐ7ನ ಎರಡರಷ್ಟು ದುಡಿಯುತ್ತದೆ. ಇನ್ನು ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರನ್ನು ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಊರವರ ಆಧಾರ್ ನಂಬರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡಿಡುವ ಯಂತ್ರಕ್ಕೆ ಇದು ಸಣ್ಣ ಮಾತಲ್ಲ.

ಮೊದಲ ಕಂಪ್ಯೂಟರ್ ಜೋಡಿಸುವವರ ಧ್ಯಾನವೆಲ್ಲ ಪ್ರೊಸೆಸರಿನ ಮೇಲೆ. ನನ್ನ ಒಲವು ಬೋರ್ಡಿನ ಕಡೆಗೆ. ನಮ್ಮ ಕಡೆ ಪ್ರೊಸೆಸರ್ ಸಾಯುವುದು ಅಪರೂಪ, ಸಾಯುವುದು ಬೋರ್ಡ್. ಮೇ ತಿಂಗಳಲ್ಲಿ ಹೊರಗೆ 42-43 ಡಿಗ್ರಿ, ತಗಡಿನ ಕೆಳಗಿನ ಅಂಗಡಿಯಲ್ಲಿ ಇನ್ನೂ ಹೆಚ್ಚು. ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟಿನ ದೂಳು, ಉಳಿದ ದಿನ ಎರೆಮಣ್ಣಿನ ದೂಳು. ಕರೆಂಟ್ ಹೋಗುವುದಕ್ಕಿಂತ ಅದು ಬರುವ ಗಳಿಗೆಯ ಹೊಡೆತವೇ ಹೆಚ್ಚು ಅಪಾಯ. ಬೋರ್ಡಿನ ಮೇಲೆ, ಪ್ರೊಸೆಸರಿನ ಪಕ್ಕದಲ್ಲಿ ಸಾಲಾಗಿ ಕೂತ ಚೌಕ ತುಂಡುಗಳು ಮತ್ತು ಸಣ್ಣ ಡಬ್ಬಿಗಳು ಕಾಣುತ್ತವಲ್ಲ, ಪವರ್ ಸಪ್ಲೈ ಡಬ್ಬಿಯಿಂದ (ಎಸ್‌ಎಂಪಿಎಸ್) ಬಂದ 12 ವೋಲ್ಟನ್ನು ಒಂದೂ ಚಿಲ್ಲರೆ ವೋಲ್ಟಿಗೆ ಇಳಿಸಿ ಪ್ರೊಸೆಸರಿಗೆ ಉಣಿಸುವವು ಅವೇ. ವಿಆರ್‌ಎಂ ಎನ್ನುತ್ತಾರೆ. ಶಾಖ ಹತ್ತು ಡಿಗ್ರಿ ಏರಿದರೆ ಕೆಪಾಸಿಟರಿನ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ರಿಪೇರಿಯವರ ಹಳೆಯ ಲೆಕ್ಕ. ಅಗ್ಗದ ಬೋರ್ಡುಗಳಲ್ಲಿ ಈ ಸಾಲಿನ ಮೇಲೆ ಹೀಟ್‌ಸಿಂಕ್ ಇರುವುದೇ ಇಲ್ಲ. ಐ3ಗೆ ನಡೆದೀತು. ಅದೇ ಬೋರ್ಡಿಗೆ ಐ7 ಹಾಕಿ ವಿಡಿಯೊ ಎಡಿಟಿಂಗಿಗೆ ಕೂತರೆ, ಮದುವೆ ಸುಗ್ಗಿಯೂ ಬಿಸಿಲೂ ಒಟ್ಟಿಗೆ ಬರುವ ನಮ್ಮಲ್ಲಿ, ಅದು ಬಹಳ ದಿನ ತಾಳುವುದಿಲ್ಲ.

ಬೋರ್ಡ್ ಅಂದರೆ ಪ್ರೊಸೆಸರ್ ಕೂರುವ ಸಾಕೆಟ್ಟಿನ ಆಯುಷ್ಯವೂ ಹೌದು. ಇಂಟೆಲ್ ಇಲ್ಲಿ ಗಿರಾಕಿಯನ್ನು ಬಹಳ ಕಾಡಿದೆ. 2017ರಲ್ಲಿ ಎಂಟನೇ ತಲೆಮಾರು ಬಂದಾಗ ಸಾಕೆಟ್ಟಿನ ಹೆಸರು, ಪಿನ್ನುಗಳ ಎಣಿಕೆ ಎರಡೂ ಹಳೆಯವೇ, ಎಲ್‌ಜಿಎ 1151; ಆದರೂ ಹಿಂದಿನ ತಲೆಮಾರಿನ ಬೋರ್ಡಿನಲ್ಲಿ ನಡೆಯಲಿಲ್ಲ. ಹತ್ತು-ಹನ್ನೊಂದನೆಯದಕ್ಕೆ ಬೇರೆ ಸಾಕೆಟ್, ಹನ್ನೆರಡರಿಂದ ಹದಿನಾಲ್ಕಕ್ಕೆ ಎಲ್‌ಜಿಎ 1700, 2024ರ ಕೋರ್ ಅಲ್ಟ್ರಾಕ್ಕೆ ಮತ್ತೊಂದು. ಎಎಂಡಿಯ ರೈಜನ್ 2017ರಲ್ಲಿ ಎಎಂ4 ಸಾಕೆಟ್ಟಿನಲ್ಲಿ ಬಂತು. 2024ರಲ್ಲೂ ಅದಕ್ಕೆ ಹೊಸ ಚಿಪ್ಪುಗಳು ಬಿಡುಗಡೆಯಾಗುತ್ತಿದ್ದವು. 2018ರ ಬಿ450 ಬೋರ್ಡಿನವರು ಬಯಾಸ್ ಅಪ್‌ಡೇಟ್ ಮಾಡಿ, ಚಿಪ್ಪೊಂದನ್ನೇ ಬದಲಿಸಿ, ಇಷ್ಟು ವರ್ಷ ಬಾಳಿಸಿದ್ದಾರೆ. 2022ರಲ್ಲಿ ಬಂದ ಎಎಂ5 ಕೂಡ ಅದೇ ದಾರಿಯಲ್ಲಿದೆ, ಆದರೆ ಡಿಡಿಆರ್5 ರ‍್ಯಾಮ್ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ.  

ಸೆಂಟರ್ ಇಡುವವನಿಗೆ ಐ3-12100 ಸಾಕು, ಬೇಕಿದ್ದರೆ ರೈಜನ್ 5 5600ಜಿ. ಹೆಸರಿನ ತುದಿಯ ಅಕ್ಷರ ಮಾತ್ರ ನೋಡಿಕೊಳ್ಳಬೇಕು. 12100ರ ಮುಂದೆ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಸಾವಿರ-ಎರಡು ಸಾವಿರ ಉಳಿಯಿತೆಂದು ತಂದರೆ ಪರದೆ ಕಪ್ಪಗೇ ಇರುತ್ತದೆ, ಬೇರೆ ಕಾರ್ಡ್ ಕೊಳ್ಳುವವರೆಗೆ. ರೈಜನ್ ಕಡೆ ಲೆಕ್ಕ ತಿರುಗುಮುರುಗು: ಎಎಂ4ನಲ್ಲಿ ‘ಜಿ’ ಇದ್ದರಷ್ಟೇ ಚಿತ್ರ. ಎಲ್‌ಜಿಎ 1700 ಬೋರ್ಡುಗಳಲ್ಲಿ ಡಿಡಿಆರ್4ರವೂ ಇವೆ, ಡಿಡಿಆರ್5ರವೂ ಇವೆ. ಒಂದರ ರ‍್ಯಾಮ್ ಇನ್ನೊಂದಕ್ಕೆ ಕೂರದು.

ಸೆಕೆಂಡ್‌ಹ್ಯಾಂಡ್ ಪ್ರೊಸೆಸರ್ ಕೊಳ್ಳಲು ನನ್ನ ಅಡ್ಡಿಯಿಲ್ಲ, ಬೋರ್ಡ್ ಬೇಡ. ಪ್ರೊಸೆಸರಿನಲ್ಲೂ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಚಿಪ್ಪುಗಳ ವಿಷಯದಲ್ಲಿ ಜೋಕೆ. ಅವು ಬೇಕಾದುದಕ್ಕಿಂತ ಹೆಚ್ಚು ವೋಲ್ಟೇಜ್ ಎಳೆದುಕೊಂಡು ಕ್ರಮೇಣ ಕೆಡುತ್ತಿವೆ ಎಂದು 2024ರಲ್ಲಿ ಕಂಪನಿಯೇ ಒಪ್ಪಿ, ಬಯಾಸ್ ಮೂಲಕ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಮೊದಲೇ ಕೆಟ್ಟ ಚಿಪ್ಪನ್ನು ಆ ತಿದ್ದುಪಡಿ ನೆಟ್ಟಗೆ ಮಾಡುವುದಿಲ್ಲ.

ಜೋಡಿಸುವಾಗ ಫ್ಯಾನ್ ಆರಿಸಿ, ಬಾಗಿಲು ಹಾಕಿ ಕೂರುವುದು ಒಳ್ಳೆಯದು. ಇಂಟೆಲ್ ಬೋರ್ಡಿನಲ್ಲಿ ಪಿನ್ನುಗಳಿರುವುದು ಸಾಕೆಟ್ಟಿನಲ್ಲಿ, ಕೂದಲಿನಷ್ಟು ತೆಳ್ಳಗೆ. ಸನ್ನೆ ಎತ್ತಬೇಕು, ಚಿಪ್ಪಿನ ಮೂಲೆಯ ಸಣ್ಣ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಸುಮ್ಮನೆ ಬಿಡಬೇಕು, ಒತ್ತಬಾರದು. ಸನ್ನೆ ಇಳಿಸುವಾಗ ಕರಕರ ಸದ್ದಾಗಿ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನೇ ಹಾರಿ ಬೀಳುತ್ತದೆ. ಹೊಸಬರು ಆ ಸದ್ದಿಗೆ ಬೆಚ್ಚಿ ಕೈಬಿಡುತ್ತಾರೆ, ಆಮೇಲೆ ಮುಚ್ಚಳವನ್ನು ಕಸಕ್ಕೆ ಹಾಕುತ್ತಾರೆ. ಅದನ್ನು ತೆಗೆದಿಡಿ, ಮುಂದೆ ಬೋರ್ಡನ್ನು ವಾರಂಟಿಗೆ ಕಳಿಸುವಾಗ ಪಿನ್ನು ಕಾಯಲು ಅದೇ ಬೇಕು, ಬಾಗಿದ ಪಿನ್ನಿಗೆ ವಾರಂಟಿ ಸಿಗುವುದಿಲ್ಲ. ಚಿಪ್ಪಿನ ನಡುವೆ ಥರ್ಮಲ್ ಪೇಸ್ಟ್ ತೊಗರಿ ಕಾಳಿನಷ್ಟು ಸಾಕು.

ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಎಷ್ಟೋ ಮನೆಗಳಲ್ಲಿ ಪ್ಲಗ್ಗಿನ ಮೂರನೆಯ ಪಿನ್ ಹೆಸರಿಗಷ್ಟೇ ಇರುತ್ತದೆ, ಅದರ ವೈರ್ ಎಲ್ಲಿಗೂ ಹೋಗಿರುವುದಿಲ್ಲ. ಲೈನ್‌ಮನ್‌ನನ್ನೋ ವೈರಿಂಗ್ ಕೆಲಸದವನನ್ನೋ ಕರೆಸಿ ಹೊರಗೆ ಗುಂಡಿ ತೋಡಿಸಿ, ಉಪ್ಪು-ಇದ್ದಿಲು ಹಾಕಿಸಿ ಅರ್ಥಿಂಗ್ ಮಾಡಿಸದ ಹೊರತು ಬೋರ್ಡ್ ಎಂಥದ್ದಾದರೂ ಭರವಸೆಯಿಲ್ಲ. ಯುಪಿಎಸ್ಸಿನ ಮಾತು ಅದರ ನಂತರ.

ಎಲ್ಲಿ ಕೊಳ್ಳುವುದು? ಹುಸೇನಸಾಗರ ಎಕ್ಸ್‌ಪ್ರೆಸ್ ಹತ್ತಿ ಹೈದರಾಬಾದಿಗಿಳಿದು, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ಬರುವ ಹುಡುಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ದರ ಅಲ್ಲಿ ಕಡಿಮೆಯೇ. ಆದರೆ ಬೋರ್ಡ್ ಕೈಕೊಟ್ಟ ದಿನ ಅದೇ ರೈಲನ್ನು ಮತ್ತೆ ಹತ್ತಬೇಕು, ಬದಲಿ ಬಂದಾಗ ಇನ್ನೊಮ್ಮೆ. ಅಷ್ಟು ದಿನ ಸೆಂಟರಿನ ಬಾಗಿಲು ಹಾಕಿರುತ್ತದೆ. ಹಾಗಾಗಿ ಪ್ರೊಸೆಸರ್ ಸಿಕಂದರಾಬಾದಿನಿಂದ ಬರಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬರಲಿ, ಬೋರ್ಡ್ ಮಾತ್ರ ಐನೂರು ಹೆಚ್ಚಾದರೂ ಕಲಬುರಗಿಯ ಅಂಗಡಿಯದೇ ಇರಲಿ, ಕಚ್ಚಾ ಚೀಟಿಯ ಮೇಲಲ್ಲ, ಸೀರಿಯಲ್ ನಂಬರ್ ಬರೆಸಿದ ಜಿಎಸ್‌ಟಿ ಬಿಲ್ಲಿನ ಮೇಲೆ.