ತಾಯಿಯ ತೃಪ್ತಿ: ಒಂದು ಜಿಜ್ಞಾಸೆ

ಎದುರು ಸಿಕ್ಕವರನ್ನು "ಊಟ ಆಯಿತೆ?" ಎಂದು ವಿಚಾರಿಸುವ ಜನ ಲೋಕದಲ್ಲಿ ನಾವು ಮಾತ್ರವೇ ಅಲ್ಲ. ಫಿಲಿಪ್ಪೀನ್ಸ್ ದೇಶದಲ್ಲಿ ಮನೆಯ ಮೆಟ್ಟಿಲು ಹತ್ತಿದವರಿಗೆ ತಾಯಿ ಹಾಕುವ ಪ್ರಶ್ನೆಯೂ ಅದೇ: "ಕುಮಾಯಿನ್ ಕ ನ ಬಾ?" ಆಯಿತು ಎಂದು ಹೇಳಿದರೂ ತಪ್ಪಿಸಿಕೊಳ್ಳುವಂತಿಲ್ಲ, ಏನಾದರೊಂದು ತಟ್ಟೆಯಲ್ಲಿ ಬಂದೇ ಬರುತ್ತದೆ. ಹಾಗೆ ಕೇಳಿದವಳು ತಾನು ಉಂಡಿದ್ದಾಳೆಯೇ ಎಂದು ಮರಳಿ ಕೇಳುವವರು ಎಲ್ಲ ದೇಶಗಳಲ್ಲೂ ಕಡಿಮೆಯೇ ಎಂದು ತೋರುತ್ತದೆ.

7,641 ದ್ವೀಪಗಳ ಆ ದೇಶವನ್ನು ನಾನು ಕಂಡವನಲ್ಲ, ಓದಿ ತಿಳಿದವನು. ಆದರೆ ಅಲ್ಲಿಯ ಸಂಸಾರದ ವಿವರಗಳನ್ನು ಓದುತ್ತ ಹೋದ ಹಾಗೆ ನಮ್ಮ ಕರಾವಳಿಯ ಯಾವುದೋ ಮನೆಯ ಹಿತ್ತಿಲಿಗೆ ಕಾಲಿಟ್ಟಂತಾಗುತ್ತದೆ. ಬೆಳಗಾಗುತ್ತಲೇ ತಾಯಿ ಅಂಗಳ ಗುಡಿಸುವುದು ತೆಂಗಿನ ಗರಿಯ ಕಡ್ಡಿಗಳನ್ನು ಕಟ್ಟಿದ ಹಿಡಿಸೂಡಿಯಿಂದ. ಬಚ್ಚಲಲ್ಲಿ ನಮ್ಮ ಚೊಂಬಿನ ಜಾಗದಲ್ಲಿ 'ತಾಬೊ' ಎಂಬ ಹಿಡಿಯುಳ್ಳ ಪಾತ್ರೆ. ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಬೆಳ್ಳುಳ್ಳಿ ಹಾಕಿ ಹುರಿದರೆ 'ಸಿನಂಗಾಗ್' ಆಯಿತು. ನಮ್ಮ ಒಗ್ಗರಣೆ ಅನ್ನಕ್ಕೆ ದಾಯಾದಿ ಎನ್ನಬಹುದು. ಅಕ್ಕಿಹಿಟ್ಟನ್ನು ಹಬೆಯಲ್ಲಿ ಬೇಯಿಸಿ ಕಾಯಿತುರಿ ಉದುರಿಸಿದ 'ಪುತೊ' ಇದೆ. ಬಾಳೆಯೆಲೆಯಲ್ಲಿ ಸುತ್ತಿ ಬೇಯಿಸಿದ 'ಸುಮನ್' ಇದೆ. 1934ರಲ್ಲಿ ರಾಷ್ಟ್ರಪುಷ್ಪವೆಂದು ಅವರು ಆರಿಸಿಕೊಂಡ 'ಸಂಪಗಿತಾ' ಬೇರೇನೂ ಅಲ್ಲ, ನಮ್ಮ ದುಂಡುಮಲ್ಲಿಗೆ. ಅದರ ಮಾಲೆಗಳನ್ನು ಚರ್ಚುಗಳ ಬಾಗಿಲಲ್ಲಿ ಮಕ್ಕಳು ಮಾರುತ್ತಾರೆ.

ಮಾತುಗಳಲ್ಲೂ ನಂಟಿದೆ. ಅವರ ಟಗಾಲೊಗ್ ಭಾಷೆಯಲ್ಲಿ ಗುರುವಿಗೆ 'ಗುರೊ', ಮುಖಕ್ಕೆ 'ಮುಖಾ', ಆಶೆಗೆ 'ಆಸಾ'. ಸಂಸ್ಕೃತದ ಈ ಪದಗಳು ಶತಮಾನಗಳ ಹಿಂದೆಯೇ ಕಡಲು ದಾಟಿ ಹೋದವು. 'ದುಃಖ'ವೂ ಹೋಯಿತು. ಆದರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅದರ ಅರ್ಥ ಬದಲಾಗಿ 'ದುಖಾ' ಎಂದರೆ ಬಡವ ಎಂದಾಯಿತು. ಬಡತನವೂ ದುಃಖವೂ ಒಂದೇ ಎಂದು ಯಾರೋ ಹಿಂದೆ ತೀರ್ಮಾನಿಸಿದಂತಿದೆ. ಆದರೆ ಆ ದೇಶದ ತಾಯಂದಿರ ದಿನಚರಿಯನ್ನು ನೋಡಿದರೆ ಈ ಸಮೀಕರಣ ಅಷ್ಟು ಸರಳವಾಗಿ ನಿಲ್ಲುವುದಿಲ್ಲ. ಈ ಲೇಖನದ ಪ್ರಶ್ನೆ ಹುಟ್ಟಿದ್ದು ಅಲ್ಲಿಯೇ.

ಅಲ್ಲಿ ತಾಯಿಯನ್ನು ಮನೆಯ ದೀಪವೆಂದೂ ತಂದೆಯನ್ನು ಮನೆಯ ಕಂಬವೆಂದೂ ಕರೆಯುವ ವಾಡಿಕೆ. ಗಂಡ ಸಂಬಳವನ್ನು ತಂದು ಹೆಂಡತಿಯ ಕೈಗೆ ಒಪ್ಪಿಸುವುದು ರೂಢಿ. ಹಣದ ಗಂಟು ದೀಪದ ಹತ್ತಿರ. ಎಷ್ಟೋ ಮನೆಗಳಲ್ಲಿ ಮುಂಗಟ್ಟಿನ ಕಿಟಕಿಗೆ ಸರಳು ಹೊಡೆದು ತಾಯಿ 'ಸಾರಿಸಾರಿ' ಅಂಗಡಿಯನ್ನು ಇಟ್ಟುಕೊಂಡಿರುತ್ತಾಳೆ. ಸಾರಿಸಾರಿ ಎಂದರೆ ತರತರದ್ದು. ಅಲ್ಲಿ ಎಲ್ಲವೂ ಬಿಡಿ ಬಿಡಿಯಾಗಿ: ಒಂದು ಸಿಗರೇಟು, ಒಂದು ಚೀಟಿ ಶಾಂಪೂ, ಒಂದು ಹೊತ್ತಿನ ಒಗ್ಗರಣೆಗೆ ಸಾಲುವಷ್ಟು ಎಣ್ಣೆ. "ಸಾಲ ಕೊಡುವುದಿಲ್ಲ" ಎಂದು ಫಲಕ ತೂಗುಹಾಕಿಯೂ ಸಾಲದ ಪಟ್ಟಿ ಬರೆಯುವ ಅಂಗಡಿಗಳು ಅವು. ಮಧ್ಯಾಹ್ನದ 'ಮೆರಿಯೆಂದಾ' ಹೊತ್ತಿಗೆ, ಎಂದರೆ ನಮ್ಮ ತಿಂಡಿ-ಕಾಫಿಯ ಹೊತ್ತಿಗೆ, ಬೆಲ್ಲದಂಥ ಕಂದುಸಕ್ಕರೆ ಹಚ್ಚಿ ಕರಿದ ಬಾಳೆಹಣ್ಣು, ನಾಲ್ಕು ಮಂದಿ ನೆರೆಯವರು, ಊರ ಮಾತು. ಪರವೂರಿಗೆ ಹೋದವರು ಬರಿಗೈಲಿ ಹಿಂದಿರುಗುವಂತಿಲ್ಲ. ತರಬೇಕಾದ ಆ ಸಣ್ಣ ಉಡುಗೊರೆಗೆ 'ಪಸಾಲುಬೊಂಗ್' ಎಂದು ಹೆಸರೇ ಇದೆ. ಮನೆಗೆ ಬಂದ ಮಕ್ಕಳು ಹಿರಿಯರ ಕೈಯನ್ನು ಹಿಡಿದು ತಮ್ಮ ಹಣೆಗೆ ಮುಟ್ಟಿಸಿಕೊಳ್ಳುತ್ತಾರೆ. ದಿನಕ್ಕೆ ನಾಲ್ಕಾರು ಸಲ ಹೀಗೆ ತಾಯಿಯ ಕೈ ಯಾರದೋ ಹಣೆಯನ್ನು ಮುಟ್ಟುತ್ತದೆ. ಇವೆಲ್ಲ ಸಣ್ಣ ಸಂತೋಷಗಳು.

ಇಂಥ ಸಂತೋಷಗಳಿಂದ ತೃಪ್ತಳಾದ ತಾಯಿಯನ್ನು ನಾವು ಹೊಗಳುತ್ತೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚುವವಳು ಎನ್ನುತ್ತೇವೆ. ಆದರೆ ಹಾಸಿಗೆಯನ್ನು ಅಷ್ಟೇ ಉದ್ದಕ್ಕೆ ಕತ್ತರಿಸಿದವರು ಯಾರು? ಅಲ್ಪದಲ್ಲಿ ಸಂತೋಷ ಕಾಣುವುದು ವಿವೇಕವೋ, ಅಲ್ಪವೇ ಸಿಕ್ಕಿ ಸಿಕ್ಕಿ ಬೆಳೆದ ಅಭ್ಯಾಸವೋ?

ಅಭ್ಯಾಸವೆಂಬ ವಾದ ಹಗುರವಾದದ್ದಲ್ಲ. ಬಹುಕಾಲ ವಂಚಿತರಾದವರು ತಮ್ಮ ಬಯಕೆಗಳನ್ನೇ ಕುಗ್ಗಿಸಿಕೊಂಡುಬಿಡುತ್ತಾರೆ, ಆದ್ದರಿಂದ ಅವರ ತೃಪ್ತಿಯನ್ನು ಮಾತ್ರ ನೋಡಿ ಅವರ ಸ್ಥಿತಿ ಚೆನ್ನಾಗಿದೆ ಎನ್ನಲಾಗದು ಎಂದು ಅಮರ್ತ್ಯ ಸೇನ್ 1980ರ ದಶಕದಿಂದಲೂ ಹೇಳುತ್ತ ಬಂದಿದ್ದಾರೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಬೇರೆ ರೂಪದಲ್ಲಿ ಪರಿಚಿತ. ಮೂರು ಬೋಗುಣಿಗಳಲ್ಲಿ ತಣ್ಣೀರು, ಬಿಸಿನೀರು, ಉಗುರುಬೆಚ್ಚಗಿನ ನೀರು ಇಡಿ. ಒಂದು ಕೈಯನ್ನು ತಣ್ಣೀರಿನಲ್ಲಿಯೂ ಇನ್ನೊಂದನ್ನು ಬಿಸಿನೀರಿನಲ್ಲಿಯೂ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ಉಗುರುಬೆಚ್ಚಗಿನ ನೀರಿಗೆ ಹಾಕಿ. ಒಂದು ಕೈ ಬಿಸಿ ಎನ್ನುತ್ತದೆ, ಇನ್ನೊಂದು ತಂಪು ಎನ್ನುತ್ತದೆ. ಹದಿನೇಳನೆಯ ಶತಮಾನದಲ್ಲಿ ಜಾನ್ ಲಾಕ್ ಎತ್ತಿ ತೋರಿಸಿದ ಸಂಗತಿ ಇದು. ಜೀವಮಾನವೆಲ್ಲ ತಣ್ಣೀರಿನಲ್ಲಿದ್ದ ಕೈಗೆ ಉಗುರುಬೆಚ್ಚಗಿನ ನೀರೂ ಬಿಸಿಯಾಗಿ ಕಾಣುವುದರಲ್ಲಿ ಆಶ್ಚರ್ಯವೇನು?

ಆದರೆ ಇಲ್ಲಿ ಅವಸರ ಪಡಬಾರದು. ಆ ಕೈಗೆ ಬಿಸಿ ಎನಿಸಿದ್ದು ಸುಳ್ಳೆ? ಖಂಡಿತ ಸುಳ್ಳಲ್ಲ. ಆ ಬೆಚ್ಚನೆಯ ಅನುಭವ ನಿಜವೇ. ನೀರಿನ ಉಷ್ಣಾಂಶ ಇಷ್ಟು ಎಂದು ಹೇಳುವುದಕ್ಕೆ ಮಾತ್ರ ಅದು ಸಾಕ್ಷಿಯಾಗಲಾರದು. ಹಾಗೆಯೇ ತಾಯಿಯ ಸಂತೋಷ ಸಂತೋಷವಾಗಿ ಪೂರ್ತಿ ನಿಜ. ಅವಳಿಗೆ ನ್ಯಾಯ ದೊರಕಿದೆ ಎಂಬುದಕ್ಕೆ ಅದು ಪುರಾವೆಯಲ್ಲ. ಈ ಎರಡನ್ನು ಬೆರೆಸಿದಾಗ ಎರಡು ಬಗೆಯ ತಪ್ಪುಗಳಾಗುತ್ತವೆ. "ಪಾಪ, ಅವಳಿಗೇನು ಗೊತ್ತು, ಸಂತೋಷವೆಂದು ಭ್ರಮಿಸಿದ್ದಾಳೆ" ಎಂದು ಮರುಗುವ ಸುಧಾರಕನದು ಒಂದು. ಅದರಲ್ಲಿ ಕರುಣೆಗಿಂತ ಅಹಂಕಾರ ಹೆಚ್ಚು. "ಅವಳು ಸಂತೋಷವಾಗಿಯೇ ಇದ್ದಾಳಲ್ಲ, ಇನ್ನೇನು ಬೇಕು" ಎನ್ನುವ ಮನೆಯವರದು ಇನ್ನೊಂದು. ಸರ್ಕಾರಿ ಕಛೇರಿಗಳ ಪರಿಚಯವಿದ್ದವರಿಗೆ ಈ ಎರಡನೆಯದು ಬೇಗ ಅರ್ಥವಾದೀತು: "ಯಾವ ದೂರೂ ಬಂದಿರುವುದಿಲ್ಲ" ಎಂದು ಷರಾ ಬರೆದು ಕಡತವನ್ನು ಮುಚ್ಚುವುದು. ದೂರು ಕೊಡುವ ಕಿಟಕಿ ತೆರೆದಿತ್ತೇ ಎಂದು ಷರಾದಲ್ಲಿ ಬರೆಯುವ ಪದ್ಧತಿ ಇಲ್ಲ.

ಫಿಲಿಪ್ಪೀನ್ಸಿನಲ್ಲಿ ಆ ಕಿಟಕಿಯ ಕಥೆ ಕುತೂಹಲಕರವಾಗಿದೆ. ಹಣದ ಗಂಟು ತಾಯಿಯ ಬಳಿ ಎಂದೆನಷ್ಟೆ. 1987ರಲ್ಲಿ ಅಲ್ಲಿ ಹೊಸ ಕುಟುಂಬ ಸಂಹಿತೆ ಹೊರಟಿತು. ಹೊರಡಿಸಿದವರು ಆ ದೇಶದ ಮೊದಲ ಮಹಿಳಾ ಅಧ್ಯಕ್ಷೆ ಕೊರಾಸನ್ ಅಕಿನೋ. ಮಕ್ಕಳ ಮೇಲಿನ ಅಧಿಕಾರ ತಂದೆತಾಯಿಗಳಿಬ್ಬರಿಗೂ ಜಂಟಿಯಾಗಿ ಸೇರಿದ್ದು ಎಂದು ಅದರಲ್ಲಿ ಬರೆದರು. ಭಿನ್ನಾಭಿಪ್ರಾಯ ಬಂದರೆ, ನ್ಯಾಯಾಲಯ ಬೇರೆ ಆಜ್ಞೆ ಮಾಡದ ಹೊರತು, ತಂದೆಯ ಮಾತೇ ನಡೆಯತಕ್ಕದ್ದು ಎಂದೂ ಬರೆದರು. ವಿವಾಹ ಮತ್ತು ಕುಟುಂಬದ ವಿಷಯಗಳಲ್ಲಿ ಹೆಣ್ಣಿಗೆ ಸಮಾನ ಹಕ್ಕು ಎಂಬ ಕಾನೂನು ಬಂದದ್ದು 2009ರಲ್ಲಿ. ಬೀಗದಕೈ ಒಬ್ಬರ ಸೊಂಟದಲ್ಲಿ, ಕೊನೆಯ ಮಾತು ಇನ್ನೊಬ್ಬರ ಬಾಯಲ್ಲಿ. ನಮ್ಮ ಕಡೆಯ ಕೂಡುಕುಟುಂಬಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮನೆಯಲ್ಲೇ ಇರಲಾಗದ ತಾಯಂದಿರ ಮಾತು. 1974ರ ಕಾರ್ಮಿಕ ಸಂಹಿತೆಯಿಂದೀಚೆಗೆ ಜನರನ್ನು ಪರದೇಶಕ್ಕೆ ದುಡಿಯಲು ಕಳುಹಿಸುವುದು ಆ ಸರ್ಕಾರದ ನೀತಿಯೇ ಆಯಿತು. ಹಾಗೆ ಹೋದವರಲ್ಲಿ ಇಂದು ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರು. ಹಾಂಗ್‌ಕಾಂಗ್, ಸಿಂಗಪುರ, ಕೊಲ್ಲಿ ದೇಶಗಳಲ್ಲಿ ಅವರು ಪರರ ಮಕ್ಕಳನ್ನು ಮೀಯಿಸಿ ಉಣಿಸಿ ಮಲಗಿಸುತ್ತಾರೆ. ಅವರ ಮಕ್ಕಳು ಅಜ್ಜಿಯ ಬಳಿಯೋ ಚಿಕ್ಕಮ್ಮನ ಬಳಿಯೋ ಬೆಳೆಯುತ್ತವೆ. 2023ರ ಒಂದೇ ವರ್ಷದಲ್ಲಿ ಹೊರಗೆ ದುಡಿಯುವ ಫಿಲಿಪ್ಪೀನ್ಸಿಗರು ಮನೆಗೆ ಕಳುಹಿಸಿದ ಹಣ 3,300 ಕೋಟಿ ಡಾಲರಿಗೂ ಮಿಗಿಲು. ಹಣದ ಜೊತೆಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯೂ ಹೋಗುತ್ತದೆ. ಅದನ್ನು 'ಬಾಲಿಕ್‌ಬಾಯನ್' ಪೆಟ್ಟಿಗೆ, ಎಂದರೆ ತಾಯ್ನಾಡಿಗೆ ಮರಳುವವರ ಪೆಟ್ಟಿಗೆ, ಎನ್ನುತ್ತಾರೆ. ತಿಂಗಳುಗಟ್ಟಲೆ ಅದು ಕೋಣೆಯ ಮೂಲೆಯಲ್ಲಿ ತುಂಬುತ್ತ ಹೋಗುತ್ತದೆ: ಸೋಪು, ಹಲ್ಲುಜ್ಜುವ ಪೇಸ್ಟು, ಟವಲು, ಚಾಕೊಲೇಟು, ಡಬ್ಬಿಯ ಮಾಂಸ, ಮಗನ ಕಾಲಿನ ಅಳತೆ ಊಹಿಸಿ ಕೊಂಡ ಬೂಟು. ಆಮೇಲೆ ಹಡಗಿನಲ್ಲಿ ವಾರಗಟ್ಟಲೆ ಪಯಣ. ಪೆಟ್ಟಿಗೆ ತುಂಬುವ ಆ ತಾಯಿಯ ಸಂತೋಷವನ್ನು ಯಾರಾದರೂ ಸುಳ್ಳೆಂದರೆ ನಾನು ಒಪ್ಪಲಾರೆ. ಆದರೆ 1988ರಲ್ಲಿ ಅಧ್ಯಕ್ಷೆ ಅಕಿನೋ ಹಾಂಗ್‌ಕಾಂಗಿನ ಮನೆಗೆಲಸದ ಹೆಂಗಸರನ್ನು ದೇಶದ ಹೊಸ ವೀರರೆಂದು ಕರೆದರಲ್ಲ, ಆ ಬಿರುದಿನಲ್ಲಿ ನನಗೆ ಮುಚ್ಚಿದ ಕಡತದ ಸದ್ದು ಕೇಳಿಸುತ್ತದೆ. ವೀರರಿಗೆ ಸನ್ಮಾನ ಸಲ್ಲುತ್ತದೆ. ನಿನಗೆ ಊರಿನಲ್ಲಿಯೇ ಕೆಲಸ ಬೇಕಿತ್ತೇ ಎಂದು ವೀರರನ್ನು ಯಾರೂ ಕೇಳುವುದಿಲ್ಲ.

ಇದಕ್ಕೆ ಅಲ್ಲಿಯವರದೇ ಒಂದು ಉತ್ತರವಿದೆ. ಮನಶ್ಶಾಸ್ತ್ರಜ್ಞ ವಿರ್ಜಿಲಿಯೊ ಎನ್ರಿಕೆಜ್ ತಮ್ಮ ಜನರ ಮೌಲ್ಯಗಳ ಬೇರು 'ಕಪ್ವಾ' ಎಂಬ ಮಾತಿನಲ್ಲಿದೆ ಎಂದರು. ಇತರನನ್ನು ತನ್ನಿಂದ ಬೇರೆಯೆಂದು ಎಣಿಸದೆ, ಇಬ್ಬರಲ್ಲೂ ಹಂಚಿಕೊಂಡ ಒಂದೇ ತಾನು ಇದೆಯೆಂಬ ಭಾವ ಅದು. ಹಾಗಾದರೆ ಮಗ ಉಂಡಾಗ ತಾಯಿಗಾಗುವ ಸಂತೋಷ ತ್ಯಾಗವೇ ಅಲ್ಲ. ಅದು ಅವಳದೇ ಊಟ. ಈ ಮಾತಿನಲ್ಲಿ ಹುರುಳಿದೆ. ಮಕ್ಕಳಿಗಾಗಿ ಮಾಡಿದ್ದೆಲ್ಲವನ್ನೂ ನಷ್ಟದ ಖಾತೆಗೆ ಬರೆಯುವವನಿಗೆ ಸಂಸಾರ ತಿಳಿಯದು. ಆದರೂ ನನ್ನದೊಂದು ಸಂದೇಹ ಉಳಿಯುತ್ತದೆ: ಹಂಚಿಕೊಂಡ ತಾನು ಎಂದಮೇಲೆ ಹಂಚಿಕೆ ಎರಡು ಕಡೆಗೂ ನಡೆಯಬೇಕಲ್ಲವೆ?

ಅನ್ನದ ಪಾತ್ರೆಯ ತಳಕ್ಕೆ ಹತ್ತಿಕೊಂಡು ಕೆಂಪಗೆ ಗಟ್ಟಿಯಾದ ಅನ್ನಕ್ಕೆ ಅವರು 'ತುತೊಂಗ್' ಎನ್ನುತ್ತಾರೆ. ಅದರ ಕರಕಲು ರುಚಿಯನ್ನು ನಿಜವಾಗಿ ಇಷ್ಟಪಡುವವರಿದ್ದಾರೆ. ನಮ್ಮಲ್ಲಿಯೂ ತಳದ ಅನ್ನಕ್ಕೆ ಮಜ್ಜಿಗೆ ಹಾಕಿ ಚಪ್ಪರಿಸುವವರುಂಟು. ಕೊನೆಯಲ್ಲಿ ಊಟಕ್ಕೆ ಕೂತ ತಾಯಿ "ನನಗೆ ಇದೇ ಇಷ್ಟ" ಎನ್ನುತ್ತಾಳೆ. ಇಷ್ಟವಿದ್ದು ತಿನ್ನುತ್ತಾಳೆಯೋ, ಯಾರಾದರೂ ತಿನ್ನಲೇಬೇಕಾದ್ದರಿಂದ ಇಷ್ಟಪಟ್ಟಳೋ, ಅವಳ ಮುಖ ನೋಡಿ ಹೇಳಲಾಗದು. ಇಷ್ಟು ವರ್ಷಗಳ ಮೇಲೆ ಅವಳಿಗೂ ತಿಳಿಯದಿರಬಹುದು. ತಿಳಿಯುವುದಕ್ಕೆ ಒಂದು ಉಪಾಯವಿದೆ. ಒಂದು ದಿನ ಮನೆಯವರಲ್ಲೊಬ್ಬರು ಮೊದಲೇ ಎದ್ದು ತಳವನ್ನು ಕೆರೆದು ತಮ್ಮ ತಟ್ಟೆಗೆ ಹಾಕಿಕೊಂಡು, ಮೇಲಿನ ಹೂವಿನಂಥ ಅನ್ನವನ್ನು ಅವಳಿಗೆ ಬಡಿಸಬೇಕು. "ಅಯ್ಯೋ, ನನ್ನದನ್ನು ಕಿತ್ತುಕೊಂಡೆಯಲ್ಲ" ಎಂದು ಅವಳು ಜಗಳಕ್ಕೆ ಬಂದರೆ ಸರಿ, ಅದು ಅವಳ ಆಸ್ತಿ; ಮರುದಿನದಿಂದ ಬಿಟ್ಟುಕೊಟ್ಟರಾಯಿತು. ಮಾತಿಲ್ಲದೆ ಉಂಡರೆ ಕಡತವನ್ನು ಮತ್ತೆ ತೆರೆಯಬೇಕಾಗುತ್ತದೆ.

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಈಗ ತುತೊಂಗ್ ಇಲ್ಲ. ಕುಕ್ಕರಿನ ಅನ್ನ ತಳ ಹತ್ತುವುದು ಅಪರೂಪ. ಆದರೆ ಊರಿನ ಮನೆಗೆ ಬೀಗ ಹಾಕಿಸಿ ಮೂರನೆಯ ಮಹಡಿಗೆ ಕರೆತಂದ ತಾಯಂದಿರು ಬೇಕಾದಷ್ಟು ಮಂದಿ ಇದ್ದಾರೆ. ಡಬ್ಬಿಯಲ್ಲಿ ನೆಟ್ಟ ತುಳಸಿ, ಶನಿವಾರದ ಭಜನೆ, ಮೊಮ್ಮಗುವಿಗೆ ಕಲಿಸಿದ ನಾಲ್ಕು ಕನ್ನಡ ಪದ್ಯ. "ನನಗೇನು ಕಡಿಮೆಯಾಗಿದೆ?" ಎನ್ನುತ್ತಾರೆ ಅವರು. ಆ ಮಾತು ನಿಜವೇ ಇರಬಹುದು. ಬೇಸಿಗೆಯಲ್ಲಿ ಊರಿಗೆ ರೈಲಿನ ಟಿಕೆಟ್ಟು ತೆಗೆಸುವಾಗ, ಹಿಂದಿರುಗುವ ದಿನ ಯಾವುದೆಂದು ಅವರನ್ನು ಕೇಳಿ ಬರೆಸಿದ ಮನೆಗಳು ಎಷ್ಟಿವೆ?